ಗುರುಬಲವೂ ಡಿಜೆ ಬಲವೂ

ಗುರುಗ್ರಹ ತೀನ್‌ಮಾರ್ ಕುಣಿಯುವುದನ್ನು ಕಣ್ಣಾರೆ ಕಂಡವನು ನಾನು. ಕುಡಿದಿರಲಿಲ್ಲ. ಹೈದರಾಬಾದ್ ಏರ್‌ಪೋರ್ಟಿನ ಬದಿಯ ಶಂಶಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ಎಂಟು ಇಂಚಿನ ಟೆಲಿಸ್ಕೋಪಿನ ಪಕ್ಕ, ಲ್ಯಾಪ್‌ಟಾಪಿನ ಮುಂದೆ ಮಫ್ಲರ್ ಸುತ್ತಿಕೊಂಡು ಕೂತಿದ್ದೆ. ಪರದೆಯ ನಟ್ಟನಡುವೆ ಗಂಭೀರವಾಗಿ ನಿಂತಿದ್ದ ಬೃಹಸ್ಪತಿ ಇದ್ದಕ್ಕಿದ್ದಂತೆ ಎಡಕ್ಕೆರಡು, ಬಲಕ್ಕೆರಡು ಹೆಜ್ಜೆ ಹಾಕತೊಡಗಿದ. ಕಿವಿಗೊಟ್ಟೆ. ತಾಳ ತಪ್ಪಿರಲಿಲ್ಲ. ರಸ್ತೆಯಾಚೆಯ ಫಂಕ್ಷನ್ ಹಾಲಿಗೆ ಮದುಮಗನ ಬರಾತ್ ಬಂದಿತ್ತು. ಡಿಜೆಯ ಬೇಸ್ ನೆಲದೊಳಗೆ ಇಳಿದು, ನಮ್ಮ ಕಟ್ಟಡದ ಪಿಲ್ಲರ್ ಹಿಡಿದು ಐದು ಮಹಡಿ ಹತ್ತಿ, ಟೆಲಿಸ್ಕೋಪಿನ ಕಾಲಿಗೆ ಬಂದು ಮುಟ್ಟುತ್ತಿತ್ತು. ಅರವತ್ತು ಚಿಲ್ಲರೆ ಕೋಟಿ ಕಿಲೋಮೀಟರ್ ದೂರದಲ್ಲಿ ತನ್ನ ಪಾಡಿಗೆ ತಾನಿದ್ದ ಗ್ರಹವನ್ನು ಅದು ಬರಾತಿಗೆ ಎಳೆದು ತಂದಿತ್ತು.

ಆ ಮದುವೆಯ ಮುಹೂರ್ತ ಇಟ್ಟವರು ಗುರುಬಲ ನೋಡಿಯೇ ಇಟ್ಟಿದ್ದರು.

ಹೊರದೇಶದವರು ಈ ಹುಚ್ಚನ್ನು ಹಿತ್ತಿಲ ಖಗೋಳವಿಜ್ಞಾನ ಎನ್ನುತ್ತಾರೆ. ಶಂಶಾಬಾದಿನಲ್ಲಿ ಹಿತ್ತಿಲು ಉಳಿದಿಲ್ಲ. ಇಲ್ಲಿ ಭೂಮಿಯನ್ನು ಗಜದ ಲೆಕ್ಕದಲ್ಲಿ ಮಾರುತ್ತಾರೆ. ಕರಿಬೇವಿಗೆಂದು ಬಿಟ್ಟ ಎರಡು ಗಜಕ್ಕೂ ಒಬ್ಬ ಬ್ರೋಕರ್ ಹುಟ್ಟಿಕೊಂಡಿರುತ್ತಾನೆ. 'ಏರ್‌ಪೋರ್ಟಿಗೆ ಹತ್ತೇ ನಿಮಿಷ' ಎಂಬ ಬೋರ್ಡು ಮುಕ್ಕಾಲು ಗಂಟೆ ದೂರದ ಜೋಳದ ಹೊಲದಲ್ಲೂ ನೆಟ್ಟಿದೆ. ಹತ್ತು ನಿಮಿಷ ವಿಮಾನದಲ್ಲಿ ಹೋದರೆ ಎಂದಿರಬೇಕು. ಹಾಗಾಗಿ ನನಗೆ ತಾರಸಿಯೇ ಗತಿ. ಅದು ಬಿಲ್ಡರ್ ಲೆಕ್ಕದಲ್ಲಿ 'ಕಾಮನ್ ಏರಿಯಾ', ಹೆಂಗಸರ ಲೆಕ್ಕದಲ್ಲಿ ಹಪ್ಪಳ ಒಣಗಿಸುವ ಜಾಗ, ಅಸೋಸಿಯೇಷನ್ ಲೆಕ್ಕದಲ್ಲಿ ಜಗಳಕ್ಕೆ ಕಾದಿಟ್ಟ ಭೂಮಿ.

ಟೆಲಿಸ್ಕೋಪ್ ಬಂದ ವಾರದಲ್ಲೇ ಮೀಟಿಂಗ್ ಕರೆದರು. ಲಿಫ್ಟ್ ಕೆಟ್ಟು ಎರಡು ತಿಂಗಳಾದಾಗಲೂ ಸೇರದ ಕೋರಂ ಅಂದು ಸೇರಿತ್ತು. ಮೊದಲ ಆಕ್ಷೇಪ ಎದುರು ಬ್ಲಾಕಿನ ಬೆಡ್‌ರೂಮುಗಳದ್ದು. ನಾನು ವಿಜ್ಞಾನ ಹೇಳಿದೆ: ಇದರಲ್ಲಿ ಅಷ್ಟು ಹತ್ತಿರದ್ದು ಫೋಕಸ್ಸಿಗೇ ಬರುವುದಿಲ್ಲ, ಬಂದರೂ ತಲೆಕೆಳಗಾಗಿ ಕಾಣುತ್ತದೆ, ಅದೂ ಒಂದು ಅಂಗಿಗುಂಡಿಯಷ್ಟೇ. "ಅಂದರೆ ತಿರುಗಿಸಿ ನೋಡಿದ್ದೀರಿ" ಎಂದರು ಸೆಕ್ರೆಟರಿ. ಎರಡನೆಯದು ವಾಸ್ತು. ನಾನು ಟೆಲಿಸ್ಕೋಪ್ ಇಟ್ಟದ್ದು ಈಶಾನ್ಯ ಮೂಲೆಯಲ್ಲಿ. ಈಶಾನ್ಯಕ್ಕೆ ಭಾರ ಬಿದ್ದರೆ ಇಡೀ ಕಟ್ಟಡದ ಗ್ರಹಗತಿ ಕೆಡುತ್ತದಂತೆ. ಆದ್ದರಿಂದ ಅದು ನೈರುತ್ಯಕ್ಕೆ, ನೀರಿನ ಟ್ಯಾಂಕಿನ ಬಗಲಿಗೆ ಹೋಗಬೇಕು. ಅಲ್ಲಿಂದ ನೋಡಿದರೆ ಪೂರ್ವ ದಿಕ್ಕು ಪೂರ್ತಿ ಟ್ಯಾಂಕಿನ ಮರೆ. ಗ್ರಹಗತಿ ಚೆನ್ನಾಗಿರಲಿ ಎಂದು ಗ್ರಹ ಕಾಣದ ಮೂಲೆಗೆ ಟೆಲಿಸ್ಕೋಪನ್ನು ಸಾಗಹಾಕುವ ಠರಾವು ಸರ್ವಾನುಮತದಿಂದ ಪಾಸಾಯಿತು. ನಾನೂ ಕೈ ಎತ್ತಿದೆ. ಮುಂದಿನ ತಿಂಗಳು ಲಿಫ್ಟಿನ ವಿಚಾರ ಬರಲಿತ್ತು; ಮಹಡಿ ಹತ್ತಿ ಸಾಕಾಗಿತ್ತು.

ಮೂರನೆಯ ಆಕ್ಷೇಪದಲ್ಲಿ ಮಾತ್ರ ಹುರುಳಿತ್ತು. ಆಕಾಶ ತೋರಿಸುವವರೆಲ್ಲ ಹಸಿರು ಲೇಸರ್ ಪೆನ್ನು ಇಟ್ಟುಕೊಳ್ಳುತ್ತಾರೆ. ಮಕ್ಕಳಿಗೆ 'ಅಗೋ ಆ ನಕ್ಷತ್ರ' ಎಂದು ಬೆಳಕಿನ ಕೋಲು ಚಾಚುತ್ತಾರೆ. ಏರ್‌ಪೋರ್ಟಿನ ನೆರಳಲ್ಲಿ ಹಾಗೆ ಮಾಡಿದರೆ ನಕ್ಷತ್ರದ ಬದಲು ಪೊಲೀಸ್ ಠಾಣೆ ಕಾಣುತ್ತದೆ. ಇಳಿಯುವ ಪೈಲಟ್ಟಿನ ಕಣ್ಣಿಗೆ ಲೇಸರ್ ಬೀಸುವುದು ಅಪರಾಧ, ಆಗಲೂ ಬೇಕು. ಆ ಪೆನ್ನು ನಮ್ಮ ಮನೆಯಲ್ಲೀಗ ಬೆಕ್ಕು ಆಡಿಸಲು ಬಳಕೆಯಲ್ಲಿದೆ.

ವಿಮಾನಗಳಿಗೂ ಈ ಊರಿನ ಆಕಾಶ ನೋಡುವವರಿಗೂ ಹಳೆಯ ನಂಟು. 1901ರಲ್ಲಿ ನವಾಬ್ ಜಫರ್ ಜಂಗ್ ಎಂಬ ಹೈದರಾಬಾದಿನ ಶ್ರೀಮಂತ ಗ್ರಬ್ ಕಂಪನಿಯ 15 ಇಂಚಿನ ದೂರದರ್ಶಕವೊಂದನ್ನು ತರಿಸಿ ಫಿಸಲ್‌ಬಂಡಾದಲ್ಲಿ ವೀಕ್ಷಣಾಲಯ ತೆರೆದ. ಮುತ್ತು, ಕುದುರೆ, ಮೋಟಾರಿಗೆ ದುಡ್ಡು ಸುರಿಯುತ್ತಿದ್ದ ನವಾಬರ ನಡುವೆ ಒಬ್ಬನಾದರೂ ಹೀಗೆ ಕೆಟ್ಟುಹೋದ. ಆತ ತೀರಿದ ಮೇಲೆ ನಿಜಾಮರ ಸರಕಾರ ಅದನ್ನು ವಹಿಸಿಕೊಂಡು ಬೇಗಂಪೇಟೆಗೆ ತಂದಿತು. ಅದೇ ನಿಜಾಮಿಯಾ ವೀಕ್ಷಣಾಲಯ. ಜಗತ್ತಿನ ಆಕಾಶವನ್ನೆಲ್ಲ ಫೋಟೊ ತೆಗೆದು ನಕ್ಷೆ ಮಾಡುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಬೇಗಂಪೇಟೆಗೂ ಒಂದು ಪಟ್ಟಿ ಸಿಕ್ಕಿತ್ತು. ಗಾಜಿನ ಫಲಕಗಳ ಮೇಲೆ ಮೂಡಿದ ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಇಲ್ಲಿನ ನೌಕರರು ಒಂದೊಂದಾಗಿ ಅಳೆದು ಬರೆದರು. ನಮ್ಮ ಕಲಬುರಗಿ 1948ರವರೆಗೆ ನಿಜಾಮರ ಸೀಮೆ. ಅಂದಮೇಲೆ ಅದರಲ್ಲಿ ಒಂದೆರಡು ನಕ್ಷತ್ರವಾದರೂ ನಮ್ಮಜ್ಜನ ಕಂದಾಯದ ದುಡ್ಡಿನಲ್ಲಿ ಅಳೆದವು ಇರಬೇಕೆಂದು ನನ್ನ ವಾದ. ಹಕ್ಕುಪತ್ರ ಮಾತ್ರ ಕೈಗೆ ಬಂದಿಲ್ಲ.

ಆಮೇಲೆ ಬೇಗಂಪೇಟೆಗೆ ವಿಮಾನ ಬಂತು, ದೀಪ ಬಂತು, ಊರು ಬಂತು. ಉಸ್ಮಾನಿಯಾ ವಿಶ್ವವಿದ್ಯಾಲಯದವರು ಕತ್ತಲು ಹುಡುಕಿಕೊಂಡು ಜಪಾಲ್–ರಂಗಾಪುರಕ್ಕೆ ಹೋಗಿ 1968ರಲ್ಲಿ 48 ಇಂಚಿನ ದೂರದರ್ಶಕ ನಿಲ್ಲಿಸಿದರು. 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣ ಕಾರವಾರ, ಹುಬ್ಬಳ್ಳಿ ಕಡೆಯಿಂದ ಹಾಯ್ದು ಇದೇ ರಂಗಾಪುರದ ನೆತ್ತಿಯ ಮೇಲೆ ಬಂತು. ವಿಜ್ಞಾನಿಗಳು ಪೆಟ್ಟಿಗೆ ಪೆಟ್ಟಿಗೆ ಸಾಮಾನು ಹೊತ್ತು ಅಲ್ಲಿ ಕಾದಿದ್ದರೆ ನಮ್ಮ ಜನ ಕಿಟಕಿಗೆ ಕಂಬಳಿ ಹೊದಿಸಿ, ನೀರಿನ ಕೊಡಕ್ಕೆ ಗರಿಕೆ ಹಾಕಿ ಒಳಗೆ ಕೂತಿದ್ದರು. ನಮ್ಮ ಸೋದರಮಾವ ಆ ದಿನ ಹುಬ್ಬಳ್ಳಿಯಲ್ಲೇ ಇದ್ದ. ಗ್ರಹಣ ಹೇಗಿತ್ತು ಎಂದರೆ ಇಂದಿಗೂ "ಭಾಳ ಚಲೋ ಇತ್ತು, ಹೊರಗ ಒಂದ್ ನರಪಿಳ್ಳಿ ಇರಲಿಲ್ಲ" ಎನ್ನುತ್ತಾನೆ. ಹೊರಗೆ ಯಾರೂ ಇರಲಿಲ್ಲ ಎಂದು ಒಳಗಿದ್ದವನಿಗೆ ಹೇಗೆ ಗೊತ್ತಾಯಿತೋ.

ಬೇಗಂಪೇಟೆಯ ವಿಮಾನಗಳು ಅಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. 2008ರ ಮಾರ್ಚ್ 23ರಂದು ಅವು ಗಂಟುಮೂಟೆ ಕಟ್ಟಿಕೊಂಡು ಶಂಶಾಬಾದಿಗೆ ಬಂದವು. ಖಗೋಳ ನೋಡುವವರನ್ನು ಊರಿಂದೂರಿಗೆ ಅಟ್ಟಿಸಿಕೊಂಡು ಹೋಗುವುದೇ ವಿಮಾನಯಾನದ ಗುರಿಯೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ತಿಳಿದವರು ಇಲ್ಲಿ ತಡೆಯುತ್ತಾರೆ: ಗ್ರಹದ ಫೋಟೊಗೆ ಕತ್ತಲು ಬೇಕಿಲ್ಲವಲ್ಲ? ನಿಜ, ಬೇಕಿಲ್ಲ. ಗುರು, ಶನಿ, ಮಂಗಳ ಬೀದಿದೀಪಕ್ಕೆ ಹೆದರುವವರಲ್ಲ. ಚಾರ್ಮಿನಾರಿನ ಎದುರೇ ಟ್ರೈಪಾಡ್ ಹೂಡಿದರೂ ಸಿಗುತ್ತಾರೆ. ಬೇಕಾದದ್ದು ಅಲುಗದ ಗಾಳಿ, ಅಲುಗದ ನೆಲ. ಗುರು ನಮಗೆ ತೀರ ಹತ್ತಿರ ಬಂದಾಗಲೂ ಕಾಣುವುದು ಎಷ್ಟು ದೊಡ್ಡದಾಗಿ ಗೊತ್ತೇ? ನೂರು ಮೀಟರ್ ದೂರದಲ್ಲಿ ಯಾರಾದರೂ ಒಂದು ರೂಪಾಯಿ ನಾಣ್ಯ ಹಿಡಿದು ನಿಂತರೆ ಎಷ್ಟೋ ಅಷ್ಟು. ಆ ನಾಣ್ಯದ ಮೇಲೆ ಪಟ್ಟೆ ಎಣಿಸಬೇಕು, ಕೆಂಪು ಮಚ್ಚೆ ಹುಡುಕಬೇಕು. ನಡುವೆ ಹಗಲೆಲ್ಲ ಕಾದ ಸಿಮೆಂಟ್ ತಾರಸಿಗಳ ಬಿಸಿ, ಜನರೇಟರಿನ ಬಿಸಿ, ಫಂಕ್ಷನ್ ಹಾಲಿನ ಹಿಂದೆ ಸಾಲಾಗಿ ಒಲೆ ಏರಿದ ಬಿರಿಯಾನಿ ಹಂಡೆಗಳ ಬಿಸಿ. ದಮ್ ಬಿರಿಯಾನಿಯ ಆವಿ ದಾಟಿ ಬಂದ ಶನಿಗೆ ಉಂಗುರವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಹೀಗಿದೆ. ಫೋಟೊ ತೆಗೆಯುವುದಿಲ್ಲ, ವಿಡಿಯೊ ತೆಗೆಯುತ್ತಾರೆ. ಸೆಕೆಂಡಿಗೆ ನೂರು ಚಿತ್ರದಂತೆ ಎರಡು ನಿಮಿಷಕ್ಕೆ ಹನ್ನೆರಡು ಸಾವಿರ. ಗಾಳಿ ಉಸಿರು ಬಿಗಿಹಿಡಿದ ಕ್ಷಣಗಳಲ್ಲಿ ಬಂದ ಸಾವಿರದಷ್ಟನ್ನು ಆರಿಸಿ, ಒಂದರ ಮೇಲೊಂದು ಪೇರಿಸಿ, ಹಿಂಡಿ, ಚೂಪು ಮಾಡಿ ಒಂದೇ ಚಿತ್ರ ತೆಗೆಯುತ್ತಾರೆ. ಉಳಿದ ಹನ್ನೊಂದು ಸಾವಿರ ಕಸಕ್ಕೆ. ಮ್ಯಾಟ್ರಿಮನಿಯವರು ಕೂಡ ಇಷ್ಟೊಂದು ಜಾತಕ ತಳ್ಳುವುದಿಲ್ಲ. ಆರಿಸುವ, ಪೇರಿಸುವ ಕೆಲಸಕ್ಕೆ ಆಟೋಸ್ಟ್ಯಾಕರ್ಟ್, ರೆಜಿಸ್ಟ್ಯಾಕ್ಸ್ ಎಂಬ ತಂತ್ರಾಂಶಗಳಿವೆ. ಎರಡನ್ನೂ ನೆದರ್‌ಲೆಂಡ್ಸಿನವರು ಬರೆದು ಪುಕ್ಕಟೆ ಹಂಚಿದ್ದಾರೆ. ಎರಡು ನಿಮಿಷವೇ ಏಕೆಂದರೆ ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತಾನೆ. ಹೆಚ್ಚು ಹೊತ್ತು ಹಿಡಿದರೆ ಅವನ ಮುಖದ ಮಚ್ಚೆಯೇ ಸರಿದು ಕಲಸಿಹೋಗುತ್ತದೆ. ಈ ಎರಡು ನಿಮಿಷವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಕೇಳುವುದಿದೆ.

ಇಡೀ ವಿದ್ಯೆಗೆ ಇಟ್ಟಿರುವ ಹೆಸರು 'ಲಕ್ಕಿ ಇಮೇಜಿಂಗ್'. ಅದೃಷ್ಟದ ಛಾಯಾಗ್ರಹಣ! ತಳಮಳಿಸುವ ಗಾಳಿಯ ನಡುವೆ ಒಂದು ಸ್ಪಷ್ಟ ಚಿತ್ರ ಸಿಗುವ ಅದೃಷ್ಟ ಎಷ್ಟು ಪಾಲು ಎಂದು 1978ರಲ್ಲಿ ಡೇವಿಡ್ ಫ್ರೀಡ್ ಎಂಬ ವಿಜ್ಞಾನಿ ಗಣಿತ ಹಾಕಿ ತೋರಿಸಿದ. ಜಾತಕ ಬರೆಸಲೊಲ್ಲದ ನಾನು ಕೊನೆಗೆ ಕೂತದ್ದು ಗ್ರಹಗಳ ಎದುರು ಅದೃಷ್ಟ ಕಾಯುತ್ತ. ಇನ್ನೂ ಒಂದು ತಪ್ಪೊಪ್ಪಿಗೆ ಇದೆ. ಇಷ್ಟೆಲ್ಲ ಮಾಡುವವನು ಗ್ರಹವನ್ನು ನೋಡುವುದೇ ಇಲ್ಲ. ಕಣ್ಣಿಡುವ ಜಾಗಕ್ಕೆ ಕ್ಯಾಮೆರಾ ತಿರುಪಿ, ಗ್ರಹಕ್ಕೆ ಬೆನ್ನು ಹಾಕಿ, ಲ್ಯಾಪ್‌ಟಾಪ್ ನೋಡುತ್ತ ಕೂರುತ್ತಾನೆ. ಕಂಬಳಿ ಹೊದಿಸಿದ ಕಿಟಕಿಯ ಹಿಂದೆ ಕೂತ ಸೋದರಮಾವನಿಗೂ ನನಗೂ ಇರುವ ವ್ಯತ್ಯಾಸ ಕ್ಯಾಮೆರಾದ ಕಂತಿನಷ್ಟೆ.

ಪಂಚಾಂಗ ಓದಲು ನಾನು ಕಲಿತದ್ದು ಟೆಲಿಸ್ಕೋಪ್ ಕೊಂಡ ಮೇಲೆ. ಕಾರಣ ಸರಳ: ಜ್ಯೋತಿಷಿಗಳು ಯಾವಾಗ 'ಜೋಕೆ' ಎನ್ನುತ್ತಾರೋ ಆಗ ನನಗೆ ಹಬ್ಬ. ಶನಿ ವಕ್ರನಾದ ಎಂದು ಟಿವಿಯಲ್ಲಿ ಎಳ್ಳೆಣ್ಣೆ ದೀಪದ ಸಲಹೆ ಬರುತ್ತದಲ್ಲ, ಅದೇ ಹೊತ್ತಿಗೆ ಭೂಮಿ ಅವನನ್ನು ಒಳಸುತ್ತಿನಿಂದ ದಾಟುತ್ತಿರುತ್ತದೆ. ಆದ್ದರಿಂದಲೇ ಅವನು ಹಿಂದೆ ಹೋದಂತೆ ಕಾಣುವುದು. ವಕ್ರಗತಿಯ ನಟ್ಟನಡುವೆ ಅವನು ನಮಗೆ ಅತಿ ಸಮೀಪ, ಅತಿ ಪ್ರಕಾಶ, ರಾತ್ರಿಯಿಡೀ ಆಕಾಶದಲ್ಲಿ. ದೇಶವೆಲ್ಲ ಶನಿಯ ವಕ್ರದೃಷ್ಟಿಗೆ ನಡುಗುವಾಗ ನಾನು ಅವನ ಕಡೆ ನೇರದೃಷ್ಟಿ ಇಡುತ್ತೇನೆ.

2025ರ ಮಾರ್ಚ್ ಅಂತೂ ಮರೆಯುವಂತಿಲ್ಲ. ಮಾರ್ಚ್ 23ಕ್ಕೆ ಶನಿಯ ಉಂಗುರಗಳು ನಮ್ಮ ನೋಟಕ್ಕೆ ಅಂಚು ತಿರುಗಿಸಿ ಮಾಯವಾದವು. ಶನಿ ಸೂರ್ಯನ ಪಕ್ಕದಲ್ಲೇ ಇದ್ದುದರಿಂದ ಅದನ್ನು ಯಾರೂ ನೋಡಲಾಗಲಿಲ್ಲ. ಶಂಶಾಬಾದಿಗೆ ವಿಮಾನ ಬಂದ ದಿನವೂ ಮಾರ್ಚ್ 23 ಎಂಬುದು ಟಿವಿ ಜ್ಯೋತಿಷಿಗಳ ಕಣ್ಣಿಗೆ ಬೀಳಲಿಲ್ಲ, ಪುಣ್ಯ. ಆರು ದಿನ ಬಿಟ್ಟು ಮಾರ್ಚ್ 29ಕ್ಕೆ ಅವರ ಶನಿ ಮೀನ ರಾಶಿಗೆ ದಾಟಿದ. ಮೇಷದವರಿಗೆ ಸಾಡೇಸಾತಿ ಹಿಡಿಯಿತು, ಮಕರದವರಿಗೆ ಬಿಟ್ಟಿತು. ನಾನು ಮಕರ. ಕಲಬುರಗಿಯಿಂದ ಅವ್ವನ ಫೋನ್ ಬಂತು.

"ಏಳೂವರಿ ವರ್ಷ ಆತು, ಅಂತೂ ಶನಿ ನಿನ್ನ ಬಿಟ್ಟ ನೋಡಪಾ."

"ಹೌದವ್ವ. ಇನ್ನ ಸ್ವಲ್ಪ ದಿನಕ್ಕ ಬೆಳಗಿನ ಝಾವ ಮತ್ತ ಕಾಣಸ್ತಾನ. ಫೋಟೊ ತೆಗೀಬೇಕು."

"ಅಂವ ತಾನಾಗೇ ಬಿಟ್ಟು ಹೋಗ್ಯಾನ. ನೀ ಯಾಕ ದುರ್ಬೀನು ಹಚ್ಚಿ ಹುಡುಕ್ಲಿಕತ್ತಿ?"

ಉತ್ತರ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ.

ಆದರೆ ಅಸಲಿ ಪೇಚು ಇರುವುದು 'ಮೌಢ್ಯ'ದಲ್ಲಿ. ಗುರುವೋ ಶುಕ್ರನೋ ಸೂರ್ಯನ ಹತ್ತಿರ ಸರಿದು ಕಣ್ಣಿಗೆ ಬೀಳದಾದರೆ ಪಂಚಾಂಗದವರು ಅದನ್ನು ಅಸ್ತ, ಮೌಢ್ಯ ಎನ್ನುತ್ತಾರೆ. ತೆಲುಗರ ಬಾಯಲ್ಲಿ ಮೂಢಂ. ಆಗ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಕರ್ನಾಟಕದಲ್ಲಿ 2017ರಲ್ಲಿ ಮೌಢ್ಯ ನಿಷೇಧಕ್ಕೆ ಕಾಯ್ದೆ ಮಾಡಿ, ಜ್ಯೋತಿಷ್ಯ ಮತ್ತು ವಾಸ್ತುವನ್ನು ಜೋಪಾನವಾಗಿ ಹೊರಗಿಟ್ಟರು. ಶಂಶಾಬಾದಿನಲ್ಲಿ ಉಲ್ಟಾ: ಮೌಢ್ಯ ಬಂದರೆ ಮದುವೆಯೇ ನಿಷೇಧ. ಫಂಕ್ಷನ್ ಹಾಲುಗಳು ಬೀಗ ಹಾಕಿಕೊಳ್ಳುತ್ತವೆ, ಡಿಜೆಯವನು ಊರಿಗೆ ಹೋಗುತ್ತಾನೆ, ಬಿರಿಯಾನಿ ಹಂಡೆಗಳು ಬೋರಲು ಬೀಳುತ್ತವೆ. ನೆಲ ನಿಶ್ಚಲ, ಗಾಳಿ ನಿಶ್ಚಲ. ಫೋಟೊಗೆ ಇದಕ್ಕಿಂತ ಶುಭಕಾಲ ಇಲ್ಲ. ಆಗ ನೋಡಿದರೆ ಗುರುವೇ ಇಲ್ಲ. ಅವನು ಸೂರ್ಯನ ಹಿಂದೆ ಹೋಗಿರುವುದಕ್ಕೇ ಅಲ್ಲವೇ ಈ ಶಾಂತಿ! ಮತ್ತೆ ಗುರು ಹೊರಬಂದನೆಂದರೆ ಡಿಜೆಯೂ ಹೊರಬಂತು. ಆಷಾಢದಲ್ಲಿ ಮದುವೆ ಇರುವುದಿಲ್ಲ ನಿಜ, ಮೋಡ ಇರುತ್ತದೆ. ಪುರಾಣದ ಚಾತಕಪಕ್ಷಿಗಾದರೂ ವರ್ಷಕ್ಕೊಮ್ಮೆ ಮಳೆ ಖಾತ್ರಿ.

ಹೀಗಿರುವಾಗ ಈ ವರ್ಷದ ಜನವರಿಯಲ್ಲಿ ಒಂದು ಚಮತ್ಕಾರ ನಡೆಯಿತು. 2026ರ ಜನವರಿ 6ಕ್ಕೆ ಶುಕ್ರ ಸೂರ್ಯನ ಹಿಂದೆ ಹಾದ, ಶುಕ್ರಮೌಢ್ಯ. ಜನವರಿ 10ಕ್ಕೆ ಗುರು ಸೂರ್ಯನಿಗೆ ಸರಿಯಾಗಿ ಎದುರು ಬಂದ. ವರ್ಷದಲ್ಲೇ ಅತಿ ಸಮೀಪ, ಸುಮಾರು 63 ಕೋಟಿ ಕಿಲೋಮೀಟರ್. ಮೇಲೆ ಧನುರ್ಮಾಸ. ಶುಕ್ರನ ದೆಸೆಯಿಂದ ಮದುವೆಗಳು ನಿಂತವು, ಗುರು ಮಾತ್ರ ಆಕಾಶದಲ್ಲೇ ಇದ್ದ! ಜೊತೆಗೆ ಸಂಕ್ರಾಂತಿಗೆಂದು ಅರ್ಧ ಹೈದರಾಬಾದು ಬಸ್ಸು ಹತ್ತಿ ಆಂಧ್ರದ ಹಳ್ಳಿಗಳಿಗೆ ಹೋಗಿತ್ತು. ಇಲ್ಲಿ ಆ ದಿನಗಳಲ್ಲಿ ಗುರು ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಿದ್ದ. ಇದೇ ಭಾಗ್ಯಕ್ಕಾಗಿ ಡೇಮಿಯನ್ ಪೀಚ್‌ನಂಥ ಹೆಸರಾಂತ ಛಾಯಾಗ್ರಾಹಕ ಇಂಗ್ಲೆಂಡಿನಿಂದ ಟೆಲಿಸ್ಕೋಪ್ ಹೊತ್ತು ಬಾರ್ಬಡೋಸ್ ದ್ವೀಪಕ್ಕೆ ಹೋಗುತ್ತಿದ್ದ. ನನಗೆ ಲಿಫ್ಟ್ ಸರಿಯಿದ್ದರೆ ಸಾಕು. ಸರಿಯಿರಲಿಲ್ಲ, ಹತ್ತಿಕೊಂಡೇ ಹೋದೆ.

ಆ ರಾತ್ರಿ ತಾರಸಿಗೆ ಇನ್ನೊಬ್ಬರೂ ಬಂದಿದ್ದರು: ನಮ್ಮ ಬಡಾವಣೆಯ ಪುರೋಹಿತರು. ಮೂಢಂ ನಡೆದಿತ್ತು, ಕೈಯಲ್ಲಿ ಕೆಲಸವಿರಲಿಲ್ಲ. ಕ್ಯಾಮೆರಾ ಬಿಚ್ಚಿ ಕಣ್ಣಿಡಲು ಕೊಟ್ಟೆ. ನಲವತ್ತು ವರ್ಷ ಗುರುಬಲ ಹೇಳಿ ಸಂಸಾರ ನಡೆಸಿದ ಅವರು ಗುರುವನ್ನು ನೋಡುತ್ತಿದ್ದುದು ಇದೇ ಮೊದಲು. ತುಂಬಾ ಹೊತ್ತು ಕಣ್ಣು ಕೀಳಲಿಲ್ಲ. "ಪಕ್ಕದಲ್ಲಿ ನಾಲ್ಕು ಚುಕ್ಕೆ ಇವೆಯಲ್ಲ?" ಎಂದರು. ಚಂದ್ರರು ಎಂದೆ, 1610ರ ಜನವರಿಯಲ್ಲಿ ಗೆಲಿಲಿಯೊ ಕಂಡ ಅದೇ ನಾಲ್ಕು. ಅವರ ಮುಖದಲ್ಲಿ ವಿಸ್ಮಯ ಇರಬಹುದು ಎಂದುಕೊಂಡೆ. ಚಿಂತೆ ಇತ್ತು.

"ಇವಕ್ಕೆ ಫಲ ಬರೆದಿಲ್ಲವಲ್ಲ" ಎಂದರು.

ಎರಡೆರಡು ನಿಮಿಷದ ಮೂವತ್ತು ವಿಡಿಯೊ, ಎರಡು ರಾತ್ರಿಯ ಪೇರಿಸಾಟ, ಕಡೆಗೂ ಒಂದು ಚಿತ್ರ. ಪಟ್ಟೆಗಳಿವೆ, ಕೆಂಪು ಮಚ್ಚೆ ಇದೆ, ಪಟ್ಟೆಯ ಅಂಚಿನಲ್ಲಿ ಸಣ್ಣ ಸುಳಿಗಳೂ ಇವೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲ ಉತ್ತರ: ಗುಡ್ ಮಾರ್ನಿಂಗ್. ಎರಡನೆಯದು: ಗೂಗಲ್‌ನಲ್ಲಿ ಇದಕ್ಕಿಂತ ಚೆನ್ನಾಗಿದೆ. ಮೂರನೆಯವರು ಎಂಜಿನಿಯರ್, ನಾಸಾ ಇರುವಾಗ ನಿಮಗೇಕೆ ಈ ಉಸಾಬರಿ ಎಂದು ಕೇಳಿದರು. 2009ರ ಜುಲೈ 19ರಂದು ಆಸ್ಟ್ರೇಲಿಯದ ಆಂಟನಿ ವೆಸ್ಲಿ ಎಂಬ ಹವ್ಯಾಸಿ ತನ್ನ ಮನೆಯಂಗಳದಿಂದ ಗುರುವಿನ ಮೇಲೊಂದು ಹೊಸ ಕಪ್ಪು ಗಾಯ ಕಂಡದ್ದನ್ನು, ಏನೋ ಬಂದು ಅಪ್ಪಳಿಸಿದ್ದು ನಾಸಾದವರಿಗೆ ಗೊತ್ತಾದದ್ದೇ ಅವನಿಂದ ಎಂಬುದನ್ನು ಉದ್ದಕ್ಕೆ ಬರೆದು ಕಳಿಸಿದೆ. ತಿರುಗಿ ಬಂದ ಪ್ರಶ್ನೆ: ಅವನಿಗೆ ಎಷ್ಟು ಕೊಟ್ಟರು?

ಮೂರನೇ ಮಹಡಿಯವರು ತಮ್ಮ ಫೋನಿನಲ್ಲಿ ತೆಗೆದ ಚಂದ್ರನನ್ನು ಹಾಕಿ, ಟೆಲಿಸ್ಕೋಪೇ ಬೇಡ ನೋಡಿ ಎಂದರು. ನಿಜಕ್ಕೂ ಕಲೆ ಕುಳಿಗಳೆಲ್ಲ ಎದ್ದು ಕಾಣುತ್ತಿದ್ದವು. 2023ರಲ್ಲಿ ಯಾರೋ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು, ಒಂದು ದುಬಾರಿ ಫೋನಿನಿಂದ ಅದರ ಫೋಟೊ ತೆಗೆದಾಗ, ಅದರಲ್ಲಿ ಇಲ್ಲದ ಕುಳಿಗಳನ್ನೂ ಫೋನೇ ಬರೆದುಕೊಟ್ಟಿತ್ತು. ಅಲ್ಲಿಗೆ ಆಕಾಶ ನೋಡುವ ಕೊನೆಯ ಕಷ್ಟವೂ ತಪ್ಪಿತು. ಇದನ್ನು ಅವರಿಗೆ ಹೇಳಲು ಹೊರಟವನು ಸುಮ್ಮನಾದೆ. ಸಾವಿರ ಚಿತ್ರ ಹಿಂಡಿ ಚೂಪು ಮಾಡಿದವನು ಇನ್ನೊಬ್ಬರ ಚಂದ್ರನ ಮೇಕಪ್ಪಿನ ಬಗ್ಗೆ ಎಷ್ಟೆಂದು ಮಾತಾಡುವುದು? ಗುಂಪಿನಲ್ಲಿ ಹೆಬ್ಬೆರಳು ಒತ್ತಿದವರು ಒಬ್ಬರೇ, ಪುರೋಹಿತರು. ಒತ್ತಿ, ಖಾಸಗಿಯಾಗಿ ಒಂದು ಸಂದೇಶ ಕಳಿಸಿದರು: ಈ ಫೋಟೊ ಮದುವೆ ಕಾರ್ಡಿನ ಮೇಲೆ ಗಣಪತಿಯ ಪಕ್ಕದಲ್ಲಿ ಹಾಕಿಸಬಹುದೇ?

ಫೆಬ್ರವರಿಯಲ್ಲಿ ಮೂಢಂ ಕಳೆಯಿತು. ಡಿಜೆಯವನು ಊರಿನಿಂದ ಬಂದ, ಬರುವಾಗ ಹೊಸ ಸ್ಪೀಕರ್ ತಂದ.

ಈಗ ಮುಂದಿನ ಲೆಕ್ಕ ಹೇಳುತ್ತೇನೆ. 2027ರ ಫೆಬ್ರವರಿ ಎರಡನೇ ವಾರದಲ್ಲಿ ಗುರು ಮತ್ತೆ ನಮ್ಮ ಎದುರಿಗೆ ಬರುತ್ತಾನೆ. ಫೆಬ್ರವರಿ 19ಕ್ಕೆ ಮಂಗಳನೂ ಬರುತ್ತಾನೆ. ಇಬ್ಬರೂ ಒಂದೇ ದಿಕ್ಕಿನಲ್ಲಿ, ರಾತ್ರಿಯಿಡೀ. ಪಂಚಾಂಗ ತೆರೆದು ನೋಡಿದೆ. ಮಾಘಮಾಸ. ಗುರು ಅಸ್ತನಲ್ಲ, ಶುಕ್ರನೂ ಅಲ್ಲ. ಗುರುಬಲ ಕೂಡಿಬಂದವರು, ಕುಜದೋಷ ಕಳೆದುಕೊಂಡವರು ಎಲ್ಲರೂ ಆ ವಾರಗಳಲ್ಲೇ ಶಂಶಾಬಾದಿನ ಫಂಕ್ಷನ್ ಹಾಲುಗಳಿಗೆ ಅಡ್ವಾನ್ಸ್ ಕೊಡುವುದು ಖಂಡಿತ. ಆ ಪೈಕಿ ಕನ್ನಡ ಓದಬಲ್ಲ ಬೀಗರು ಯಾರಾದರೂ ಇದ್ದರೆ ನನ್ನದೊಂದು ವಿನಂತಿ. ಬರಾತ್ ತರಬೇಡಿ ಎನ್ನುವುದಿಲ್ಲ, ಬಿರಿಯಾನಿ ಬಿಡಿ ಎನ್ನುವುದಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ ಕಾನೂನನ್ನು ಮದುವೆ ಮನೆಯಲ್ಲಿ ಎತ್ತುವಷ್ಟು ಅರಸಿಕನೂ ನಾನಲ್ಲ. ಗುರುವಿನ ಆಶೀರ್ವಾದದಿಂದ ನಡೆಯುವ ಮದುವೆ, ಅವನ ಫೋಟೊಗೆಂದು ಡಿಜೆಯನ್ನು ಎರಡು ನಿಮಿಷ ನಿಲ್ಲಿಸಿ. ಮಂಗಳ ನಿಧಾನವಾಗಿ ತಿರುಗುವವನು. ಅವನಿಗೆ ನಾಲ್ಕು ನಿಮಿಷ ಕೊಟ್ಟರೆ ಉಪಕಾರವಾಗುತ್ತದೆ.